ಬೇಡ ಅಂದಮೇಲೂ ಕಾರಣ ಕೊಡಬೇಕಾ?

ಐಬ್ರೋ ಮಾಡಿಸಿಕೊಳ್ಳುವಾಗ ನಮ್ಮ ಎರಡು ಕೈಗೂ ಕೆಲಸ ಇರುತ್ತದೆ. ಒಂದು ಕೈ ಹುಬ್ಬಿನ ಮೇಲಿನ ಚರ್ಮವನ್ನು ಮೇಲಕ್ಕೆ ಎಳೆದು ಹಿಡಿಯಬೇಕು, ಇನ್ನೊಂದು ಕೈ ರೆಪ್ಪೆಯನ್ನು ಕೆಳಕ್ಕೆ. ಕಣ್ಣು ಮುಚ್ಚಿರಬೇಕು, ತಲೆ ಹಿಂದಕ್ಕೆ ವಾಲಿರಬೇಕು. ಪಾರ್ಲರ್ ಹುಡುಗಿ ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಸರಸರ ಕೆಲಸ ಮಾಡುತ್ತಾಳೆ. ಒಂದು ಹುಬ್ಬು ಮುಗಿಯುತ್ತದೆ. ಇನ್ನೊಂದು ಶುರು ಮಾಡುವ ಮುಂಚೆ ಆಕೆ ದಾರವನ್ನು ಬಾಯಿಂದ ತೆಗೆದು, ನನ್ನ ಕೆನ್ನೆ ಮೇಲೆ ಬೆರಳಾಡಿಸಿ ಹೇಳುತ್ತಾಳೆ: "ಮೇಡಂ, ತುಂಬಾ ಟ್ಯಾನ್ ಆಗಿದೆಯಲ್ಲ. ಡೀಟ್ಯಾನ್ ಮಾಡಿಬಿಡ್ಲಾ?"

ಒಂದು ಹುಬ್ಬು ಮಾತ್ರ ತೀಡಿಸಿಕೊಂಡು ಎದ್ದು ಹೋಗೋಕೆ ಆಗುತ್ತಾ ಹೇಳಿ!

"ಬೇಡಮ್ಮ."

"ಯಾಕ್ ಮೇಡಂ? ಇಪ್ಪತ್ತೇ ನಿಮಿಷ."

"ಮನೆಗೆ ಬೇಗ ಹೋಗಬೇಕು."

"ಹಾಗಾದ್ರೆ ಬ್ಲೀಚ್ ಮಾಡ್ತೀನಿ, ಹತ್ತು ನಿಮಿಷದಲ್ಲಿ ಆಗೋಗುತ್ತೆ."

"ನನಗೆ ಅವೆಲ್ಲ ಆಗಿಬರಲ್ಲ, ಉರಿಯುತ್ತೆ."

"ಅದಕ್ಕೇ ನಮ್ಮಲ್ಲಿ ಹರ್ಬಲ್ ಇದೆ. ಈವತ್ತು ಆಫರ್ ಬೇರೆ ನಡೀತಿದೆ."

ಇದರ ನಡುವೆ ಕೂದಲು ಉದುರುವ ವಿಚಾರ ಬರುತ್ತದೆ. ಕಣ್ಣಿನ ಕೆಳಗಿನ ಕಪ್ಪು ಬರುತ್ತದೆ. ಮೂಗಿನ ಮೇಲಿನ ಬ್ಲ್ಯಾಕ್‌ಹೆಡ್ಸ್ ಬರುತ್ತವೆ. 60 ರೂಪಾಯಿ ಕೆಲಸಕ್ಕೆ ಅಂತ ಒಳಗೆ ಹೋದವಳಿಗೆ ಹೊರಗೆ ಬರುವಷ್ಟರಲ್ಲಿ ತನ್ನ ಮುಖದ ಮೇಲೇ ಒಂದು ಕಂಪ್ಲೇಂಟ್ ಲಿಸ್ಟ್ ಸಿಕ್ಕಿರುತ್ತದೆ. ದುಡ್ಡು ಹೋದರೆ ಹೋಗಲಿ, ಬೆಳಿಗ್ಗೆ ಕನ್ನಡಿಯಲ್ಲಿ ಸರಿಯಾಗೇ ಕಂಡಿದ್ದ ಮುಖ ಅದು. ಅದಕ್ಕೇ ನನಗೆ ಸಿಟ್ಟು.

ಯಾಕೆ ಹೀಗೆ ಸಿಕ್ಕಿಬೀಳ್ತೀವಿ ಅಂತ ತುಂಬಾ ಸಲ ಯೋಚಿಸಿದ್ದೇನೆ. ನನಗೆ ಅನ್ನಿಸಿದ್ದು ಇಷ್ಟು. ಅಂಗಡಿಯವರಿಗೆ ಬೇಡ ಅಂದರೆ ಸಾಲದು, ಯಾಕೆ ಬೇಡ ಅಂತಲೂ ಹೇಳಬೇಕು ಅಂತ ನಾವೇ ಅಂದುಕೊಂಡಿದ್ದೇವೆ. ಕಾರಣ ಹೇಳಿದಿರೋ, ಮುಗೀತು. ಟೈಮ್ ಇಲ್ಲ ಅಂದರೆ ಬೇಗ ಆಗುವಂಥದ್ದು ಇದೆ. ದುಡ್ಡಿಲ್ಲ ಅಂದರೆ ಇಎಂಐ ಇದೆ. ಮನೆಯವರನ್ನ ಕೇಳಬೇಕು ಅಂದರೆ "ಫೋನ್ ಮಾಡಿ ಮೇಡಂ, ನಾನೇ ಮಾತಾಡ್ತೀನಿ" ಇದೆ. ಇದೇನೂ ಆ ಹುಡುಗಿಗೆ ಆ ಕ್ಷಣಕ್ಕೆ ಹೊಳೆದ ಜಾಣತನ ಅಂದುಕೊಳ್ಳಬೇಡಿ. ಗಿರಾಕಿ ಹೀಗಂದರೆ ಹಾಗನ್ನಿ ಅಂತ ಟ್ರೇನಿಂಗಿನಲ್ಲಿ ಬಾಯಿಪಾಠ ಮಾಡಿಸಿರುತ್ತಾರೆ.

ಇದಕ್ಕೆ ನಮ್ಮ ಊಟದ ಪಂಕ್ತಿಯೂ ಸ್ವಲ್ಪ ಕಾರಣ ಅಂತ ನನ್ನ ಗುಮಾನಿ. ಮದುವೆ ಮನೆಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು ಸಾಕು" ಅಂದರೆ ಯಾರಾದರೂ ಕೇಳ್ತಾರಾ? ಬೆರಳ ಸಂದಿಯಿಂದಲೇ ಹೋಳಿಗೆ ಜಾರಿಸಿ ಹೋಗ್ತಾರೆ. ಮೊದಲನೇ "ಬೇಡ"ವನ್ನು ಸಂಕೋಚ ಅಂತಲೇ ತಿಳಿದು ಬೆಳೆದವರು ನಾವು. ಒತ್ತಾಯ ಮಾಡದೆ ಬಡಿಸಿದರೆ "ಉಪಚಾರ ಇಲ್ಲ" ಅಂತ ಆಡಿಕೊಳ್ಳುವವರು ಕೂಡ ನಾವೇ. ಬಡಿಸುವವನಿಗೆ ಎಲೆ ಲೆಕ್ಕದಲ್ಲಿ ಕಮಿಷನ್ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಆ ದಾಕ್ಷಿಣ್ಯವನ್ನೇ ಈಗ ಯಾರೋ ಎಕ್ಸೆಲ್ ಶೀಟಿಗೆ ಹಾಕಿದ್ದಾರೆ.

ಒತ್ತಾಯ ಇವತ್ತು ಹುಟ್ಟಿದ್ದೇನಲ್ಲ. ಬೆಂಗಳೂರಿನ ಚಿಕ್ಕಪೇಟೆಗೆ ಹೋದವರಿಗೆ ಹೇಳಬೇಕಾಗಿಲ್ಲ. ಅವೆನ್ಯೂ ರಸ್ತೆಯಿಂದ ಒಳಗೆ ತಿರುಗಿದರೆ ಸಾಕು, "ಬನ್ನಿ ಅಕ್ಕ, ಬನ್ನಿ ಅಮ್ಮ, ಸುಮ್ನೆ ನೋಡ್ಕೊಂಡು ಹೋಗಿ, ತಗೊಳ್ಳೋದೇನ್ ಬೇಡ" ಅಂತ ಬೀದಿಯಲ್ಲೇ ನಿಂತು ಕರೆಯುವವರು. ಕೆಲವರು ಪಕ್ಕದಲ್ಲೇ ನಾಲ್ಕು ಹೆಜ್ಜೆ ನಡೆದು ಬರ್ತಾರೆ. ಇಕ್ಕಟ್ಟಿನ ಮೆಟ್ಟಿಲು ಹತ್ತಿಸಿ, ಬಿಳಿ ಬಟ್ಟೆ ಹಾಸಿದ ಗಾದಿ ಮೇಲೆ ಕೂರಿಸಿ, ಕೇಳೋಕೆ ಮುಂಚೆ ಕಾಫಿ ತರಿಸಿ, ಒಂದಾದಮೇಲೊಂದು ಸೀರೆ ಬಿಚ್ಚಿ ಹಾಸುತ್ತಾರೆ. ಬಿಚ್ಚಿದ ಸೀರೆಗಳ ರಾಶಿ ಏರಿದಷ್ಟೂ ನಮಗೆ ಒಳಗೊಳಗೇ ಸಂಕಟ. ಪಾಪ, ಇಷ್ಟೆಲ್ಲ ಬಿಚ್ಚಿದ್ದಾನೆ, ಈಗ ಏಳೋದು ಹೇಗೆ?

ನಮ್ಮಮ್ಮನಿಗೆ ಆ ಸಂಕಟವೇ ಇಲ್ಲ. ಆಕೆ ಕಾಫಿ ಕುಡಿಯುತ್ತಾಳೆ. ಸಕ್ಕರೆ ಜಾಸ್ತಿಯಾಯ್ತು ಅಂತಾಳೆ. ಅಂಗಡಿ ಪೂರ್ತಿ ಬಿಚ್ಚಿಸುತ್ತಾಳೆ. ಸೆರಗನ್ನು ಬೆಳಕಿಗೆ ಹಿಡಿದು, ಜರಿಯನ್ನು ಉಗುರಲ್ಲಿ ಕೆರೆದು, ಪಕ್ಕದಲ್ಲಿ ಕೂತ ಪರಿಚಯವೇ ಇಲ್ಲದ ಹೆಂಗಸಿಗೆ "ನಿಮಗೆ ಆ ಹಸಿರು ಒಪ್ಪಲ್ಲ ಕಣ್ರೀ" ಅಂತ ಬುದ್ಧಿ ಹೇಳಿ, ಕೊನೆಗೆ "ಯಾವ್ದೂ ಹಿಡಿಸ್ಲಿಲ್ಲಪ್ಪ, ಬರ್ತೀವಿ" ಅಂತ ಎದ್ದೇ ಬಿಡುತ್ತಾಳೆ. ಹಿಡಿಸಲಿಲ್ಲ, ಅಷ್ಟೇ. ಯಾಕೆ ಅಂತ ಬಿಡಿಸಿ ಹೇಳೋದೇ ಇಲ್ಲ. ಅಂಗಡಿಯವನು "ಎಷ್ಟಕ್ಕೆ ಬೇಕು ಹೇಳಿ ಅಮ್ಮ" ಅಂತ ಮೆಟ್ಟಿಲವರೆಗೆ ಬರ್ತಾನೆ. ಆಮೇಲೆ ಒಳಗೆ ಹೋಗಿ ನಗುನಗುತ್ತಾ ಸೀರೆ ಮಡಚುತ್ತಾನೆ. ಅವನಿಗೂ ಗೊತ್ತು, ಅಮ್ಮನಿಗೂ ಗೊತ್ತು. ಚೌಕಾಸಿ ಅಂದಮೇಲೆ ಒತ್ತಾಯವೂ ಇರುತ್ತೆ, ಎದ್ದು ಹೋಗೋದೂ ಇರುತ್ತೆ. ಇಸ್ಪೀಟ್ ಆಟದ ಹಾಗೆ ಇಬ್ಬರ ಕೈಯಲ್ಲೂ ಸಮ ಎಲೆಗಳಿದ್ದವು. ನನಗೆ ಆ ಗದ್ದಲದ ಮೇಲೆ ನಿಜವಾಗಿ ಕೋಪ ಇಲ್ಲ.

ಇದಕ್ಕೆ ಪೂರ್ತಿ ಉಲ್ಟಾ ನೋಡಬೇಕಾದರೆ ಸರ್ಕಾರಿ ರೇಷ್ಮೆ ನಿಗಮವಾದ ಕೆಎಸ್‌ಐಸಿ ಮಳಿಗೆಗೆ ಹೋಗಿ. ಮೈಸೂರು ಸಿಲ್ಕ್ ಕೊಳ್ಳೋಕೆ ಜನವೇ ಸಾಲು ನಿಲ್ಲುವ ಜಾಗ ಅದು. 1912ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾದ ನೇಯ್ಗೆ. ಒಂದೇ ದರ, ಚೌಕಾಸಿ ಇಲ್ಲ. ಅಲ್ಲಿ ಯಾರೂ ನಿಮ್ಮನ್ನ ಕರೆಯಲ್ಲ. "ಆ ಬಣ್ಣ ಇಲ್ಲ" ಅನ್ನೋದೇ ಅಲ್ಲಿಯ ಮಾತುಗಾರಿಕೆ! ಬೇಕಾದ್ದನ್ನ ಮಾಡಿದರೆ ಕೂಗಬೇಕಾಗಿಲ್ಲ ಅಂತ ಹೇಳಬಹುದೇನೋ. ಆದರೆ ಅಮ್ಮನ ಪ್ರಕಾರ ಅಲ್ಲಿ ಸೀರೆ ಕೊಳ್ಳೋದರಲ್ಲಿ ಮಜಾನೇ ಇಲ್ಲ.

ದಿನನಿತ್ಯದ ಸಣ್ಣಪುಟ್ಟ ಕಿರಿಕಿರಿಗಳನ್ನ ಬೇಗ ಹೇಳಿ ಮುಗಿಸ್ತೀನಿ. ಪೆಟ್ರೋಲ್ ಬಂಕಿನಲ್ಲಿ "ಪ್ರೀಮಿಯಂ ಹಾಕ್ಲಾ?" ಅಂತ ಕೇಳುವಾಗಲೇ ಪೈಪು ಅರ್ಧ ಟ್ಯಾಂಕಿನ ಕಡೆ ಬಂದಿರುತ್ತದೆ. ಸಿನಿಮಾ ಹಾಲಿನಲ್ಲಿ ಸಣ್ಣ ಪಾಪ್‌ಕಾರ್ನ್ ಕೇಳಿದವರಿಗೆ "ಐವತ್ತು ರೂಪಾಯಿ ಸೇರಿಸಿದ್ರೆ ದೊಡ್ಡದು ಬರುತ್ತೆ". ಸೂಪರ್ ಮಾರ್ಕೆಟ್ಟಿನಲ್ಲಿ ಶ್ಯಾಂಪೂ ಸಾಲಿನ ಮುಂದೆ ಒಬ್ಬರು ನಿಂತಿರ್ತಾರೆ. ನಾವು ಕೈಗೆತ್ತಿಕೊಂಡ ಬಾಟಲಿ ಬಿಟ್ಟು ಬೇರೆಯದೇ ಒಳ್ಳೇದು ಅಂತಾರೆ. ಅವರು ಅಂಗಡಿಯವರಲ್ಲ, ಆ ಬೇರೆ ಬಾಟಲಿಯ ಕಂಪನಿಯವರು ನಿಲ್ಲಿಸಿದ ಪ್ರಮೋಟರ್. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಬಿಲ್ ಕೌಂಟರಿನಲ್ಲಿ ಮೊಬೈಲ್ ನಂಬರ್ ಕೇಳೋದಂತೂ ಈಗ ಉಸಿರಾಡಿದಷ್ಟು ಸಹಜ. "ಕೊಡಲ್ಲ" ಅಂದರೆ "ಸಿಸ್ಟಂ ತಗೊಳಲ್ಲ ಮೇಡಂ" ಅಂತಾರೆ. ನಂಬರ್ ಕೊಡಲೇಬೇಕು ಅಂತ ಗಿರಾಕಿಗಳನ್ನು ಒತ್ತಾಯಿಸಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲೇ ಅಂಗಡಿಯವರಿಗೆ ಸೂಚನೆ ಕೊಟ್ಟಿದೆ. ನಾನು ಅದನ್ನ ಹೇಳಿದಾಗ ಕೌಂಟರಿನ ಹುಡುಗ ತನ್ನದೇ ಯಾವುದೋ ನಂಬರ್ ಒತ್ತಿ ಬಿಲ್ ಕೊಟ್ಟ. ಹಿಂದೆ ನಿಂತವರು ಮಾತ್ರ ನನ್ನನ್ನೇ ದುರುಗುಟ್ಟಿ ನೋಡಿದರು. ಸಾಲಿನ ಹಿಂದಿನವರ ನೋಟ ಇದೆಯಲ್ಲ, ಅದೂ ಮಾರಾಟಕ್ಕೆ ಸಹಾಯ ಮಾಡುತ್ತೆ.

ಇವೆಲ್ಲ ಕಿರಿಕಿರಿ ಅಷ್ಟೇ. ಹೆದರಿಸಿ ಮಾರುವವರ ವಿಷಯ ಬೇರೆ.

ಕನ್ನಡಕದ ಅಂಗಡಿಯಲ್ಲಿ ಮಗನಿಗೆ ಕನ್ನಡಕ ಮಾಡಿಸುವಾಗ ಇದನ್ನ ಹತ್ತಿರದಿಂದ ನೋಡಿದೆ. ನಂಬರ್ ಟೆಸ್ಟ್ ಮುಗಿದ ಕೂಡಲೇ ಅಲ್ಲಿದ್ದವರು ಒಂದು ಪುಟ್ಟ ನೀಲಿ ಲೈಟ್ ತಂದರು. ಒಂದು ಬಿಳಿ ಕಾರ್ಡಿನ ಮೇಲೆ ಅದನ್ನ ಬಿಟ್ಟರು. ಕಾರ್ಡಿನ ಮೇಲೆ ನೀಲಿ ಕಲೆ ಮೂಡಿತು. ನಡುವೆ ಬ್ಲೂ ಕಟ್ ಲೆನ್ಸ್ ಅಡ್ಡ ಇಟ್ಟು ಮತ್ತೆ ಲೈಟ್ ಬಿಟ್ಟರು. ಕಲೆ ಮೂಡಲಿಲ್ಲ. "ನೋಡಿದ್ರಾ ಮೇಡಂ? ಮಗು ಇಡೀ ದಿನ ಮೊಬೈಲ್ ನೋಡುತ್ತೆ. ಈ ಲೈಟೆಲ್ಲ ಸೀದಾ ಕಣ್ಣಿಗೆ ಹೋಗುತ್ತೆ." ಮಗ ಬಾಯಿ ಬಿಟ್ಟುಕೊಂಡು ನನ್ನ ಕಡೆ ನೋಡಿದ. ಈಗ ಸಾದಾ ಲೆನ್ಸ್ ಸಾಕು ಅಂದರೆ ನಾನು ಎಂಥಾ ತಾಯಿ?

ಆ ಲೈಟಿನ ಆಟದಲ್ಲಿ ಸುಳ್ಳಿಲ್ಲ. ಲೆನ್ಸ್ ಆ ಬಣ್ಣವನ್ನ ತಡೆಯೋದು ನಿಜ. ತಡೆದರೆ ಕಣ್ಣಿಗೆ ಏನು ಲಾಭ ಅನ್ನೋದು ಬೇರೆ ಪ್ರಶ್ನೆ, ಅದನ್ನ ಮಾತ್ರ ಯಾರೂ ಎತ್ತಲ್ಲ. 2023ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 17 ಪ್ರಯೋಗಗಳನ್ನ ಒಟ್ಟಿಗಿಟ್ಟು ನೋಡಿದರು. ಕಂಪ್ಯೂಟರ್ ನೋಡಿ ಬರುವ ಕಣ್ಣಿನ ಆಯಾಸ ಇಂಥ ಲೆನ್ಸಿನಿಂದ, ಕಡೇಪಕ್ಷ ಸ್ವಲ್ಪ ದಿನದ ಮಟ್ಟಿಗೆ, ಕಮ್ಮಿ ಆಗುವಂತೆ ಅವರಿಗೆ ಕಾಣಲಿಲ್ಲ. ಕಣ್ಣಿನ ಹಿಂದಿನ ಪರದೆ ರೆಟಿನಾಗೆ ರಕ್ಷಣೆ ಅನ್ನೋದಕ್ಕೂ ಆಧಾರ ಸಿಗಲಿಲ್ಲ. ನಾನು ಸಾದಾ ಲೆನ್ಸೇ ಹಾಕಿಸಿದೆ. ಮಗ ಮನೆಗೆ ಬಂದು "ಅಮ್ಮ ದುಡ್ಡು ಉಳಿಸೋಕೆ ನನ್ನ ಕಣ್ಣಿಗೆ ನೀಲಿ ಲೈಟ್ ಬಿಡಿಸ್ತಿದ್ದಾಳೆ" ಅಂತ ಅವರಪ್ಪನಿಗೆ ದೂರು ಕೊಟ್ಟ.

ಕಾರ್ ಸರ್ವೀಸಿನಲ್ಲೂ ಇದೇ ಕಥೆ. ಆಯಿಲ್ ಬದಲಾಯಿಸೋಕೆ ಬಿಟ್ಟರೆ ಮಧ್ಯಾಹ್ನ ಫೋನ್ ಬರುತ್ತೆ. ಅದು ಕ್ಲೀನ್ ಮಾಡಬೇಕು, ಇದಕ್ಕೆ ಕೋಟಿಂಗ್ ಬೇಕು, ಕೊನೆಗೆ "ಬ್ರೇಕ್ ವಿಷಯ ಮೇಡಂ, ಆಮೇಲೆ ನಮ್ಮನ್ನ ಬೈಬೇಡಿ". ಕಾರಿನ ಹೊಟ್ಟೆಯೊಳಗೆ ಏನಿದೆ ಅಂತ ನನಗೇನು ಗೊತ್ತು? ಟೈರಿಗೆ ನೈಟ್ರೋಜನ್ ಹಾಕಿಸಿ ಅಂತಾರೆ. ನಾವು ಸುಮ್ನೆ ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ ಅಂತ ಶಾಲೆಯಲ್ಲಿ ಓದಿದ್ದು ಅಲ್ಲೊಂದೇ ಕಡೆ ನನ್ನ ಉಪಯೋಗಕ್ಕೆ ಬಂದಿರೋದು. ಈಗ ಅವರು ಏನು ಹೇಳಿದರೂ ನಾನು "ಹಳೇ ಪಾರ್ಟ್ ಎತ್ತಿಡಿ, ಬಂದು ನೋಡಿ ಆಮೇಲೆ ಹೇಳ್ತೀನಿ" ಅಂತೀನಿ. ಅರ್ಧಕ್ಕರ್ಧ ರಿಪೇರಿ ಅಲ್ಲೇ ವಾಸಿಯಾಗುತ್ತವೆ.

ಇದನ್ನೆಲ್ಲ ಒಂದು ಸಲ ಹಾವೇರಿ ಕಡೆಯ ನಮ್ಮ ಭಾವನವರ ಹತ್ತಿರ ಹೇಳಿಕೊಂಡು ಗೊಣಗುತ್ತಿದ್ದೆ. ಅವರದು ಗೋವಿನಜೋಳದ ಹೊಲ. ನಾವು ಮೆಕ್ಕೆಜೋಳ ಅನ್ನೋದಕ್ಕೆ ಅವರು ಹಾಗನ್ನುತ್ತಾರೆ. ಎಲ್ಲ ಕೇಳಿ ನಕ್ಕರು. "ನಿಮಗರ ಪಾಡಾತ ಬಿಡವಾ, ಮಾತಾಡಿ ಮಾರ್ತಾರ. ನಮ್ಮ ಗೊಬ್ಬರದ ಅಂಗಡ್ಯಾಗ ಒತ್ತಾಯನ ಮಾಡಂಗಿಲ್ಲ. ಬಾಟ್ಲಿ ಬ್ಯಾಡ ಅಂದ್ರ ಯೂರಿಯಾ ಇಲ್ಲ ಅಂತಾರ, ಅಷ್ಟ."

ಅವರು ಹೇಳಿದ್ದು ಲಿಂಕ್ ವಿಷಯ. ಬಿತ್ತಿ ತಿಂಗಳಾಗುವ ಹೊತ್ತಿಗೆ ಜೋಳಕ್ಕೆ ಯೂರಿಯಾ ಬೇಕೇ ಬೇಕು. ಮಳೆ ಬಿದ್ದ ಎರಡು ಮೂರು ದಿನದೊಳಗೆ ಹಾಕಬೇಕು. ತಡವಾದರೆ ಇಳುವರಿಗೆ ಹೊಡೆತ. ಸರ್ಕಾರದ ಸಬ್ಸಿಡಿಯಿಂದ 45 ಕೆಜಿ ಚೀಲಕ್ಕೆ ತೆರಿಗೆ, ಬೇವಿನ ಲೇಪ ಎಲ್ಲ ಸೇರಿ ಸುಮಾರು 266 ರೂಪಾಯಿ. ಅದಕ್ಕೆ ಜಾಸ್ತಿ ತಗೊಳ್ಳುವಂತಿಲ್ಲ. ಹಾಗಾಗಿ ಚೀಲದ ಜೊತೆ ನೀರಲ್ಲಿ ಬೆರೆಸಿ ಸಿಂಪಡಿಸುವ ನ್ಯಾನೋ ಯೂರಿಯಾ ಬಾಟಲಿಯೋ, ಜಿಂಕ್ ಪೊಟ್ಟಣವೋ, ಇನ್ಯಾವುದೋ ಟಾನಿಕ್ಕೋ ಅಂಟಿಕೊಂಡು ಬರುತ್ತೆ. ರೈತ ಕೇಳಿರಲ್ಲ. ಅಂಗಡಿಯವನನ್ನ ಬೈದರೆ "ನಮಗೂ ಕಂಪನಿಯೋರು ಹಂಗ ಲೋಡ್ ಕಳಸ್ತಾರ, ನಾವೇನ್ ಮಾಡೂದು" ಅಂತಾನೆ. ಅದು ಪೂರ್ತಿ ಸುಳ್ಳೂ ಅಲ್ಲ. ಗೊಬ್ಬರ ಮಾರುವವರು ತಮ್ಮ ಮೇಲೂ ಲಿಂಕ್ ಹೇರುತ್ತಾರೆ ಅಂತ ಬಹಿರಂಗವಾಗೇ ದೂರಿದ್ದಾರೆ. ಇದು ತಪ್ಪು ಅಂತ ಕೇಂದ್ರ ಸರ್ಕಾರ ರಾಜ್ಯಗಳಿಗೆ ಮತ್ತೆ ಮತ್ತೆ ಬರೆದಿದೆ. 1955ರ ಅಗತ್ಯ ವಸ್ತುಗಳ ಕಾಯ್ದೆ ಇದೆ, 1985ರ ರಸಗೊಬ್ಬರ ನಿಯಂತ್ರಣ ಆದೇಶ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ, ಒಂದು ವಸ್ತು ಬೇಕಾದರೆ ಇನ್ನೊಂದನ್ನ ಕೊಳ್ಳಲೇಬೇಕು ಅಂತ ಷರತ್ತು ಹಾಕೋದನ್ನ ಹೆಸರು ಹಿಡಿದೇ ಹೇಳಿದೆ. ಆದರೆ ಮೋಡ ಕಟ್ಟಿಕೊಂಡು ನಿಂತಾಗ ಸಾಲಿನಲ್ಲಿರುವ ರೈತ ಕಾಯ್ದೆ ಓದ್ತಾ ಕೂರ್ತಾನಾ? ಭಾವನ ಮನೆಯ ಕೊಟ್ಟಿಗೆ ಗೂಡಿನಲ್ಲಿ ಸೀಲ್ ಒಡೆಯದ ಬಾಟಲಿಗಳು ಸಾಲಾಗಿ ಕೂತಿವೆ.

ಪಾರ್ಲರ್ ಕುರ್ಚಿ ಮೇಲೆ ಕೂತ ನನ್ನ ಗೋಳು ಇದರ ಮುಂದೆ ಏನೂ ಅಲ್ಲ, ಒಪ್ಪುತ್ತೇನೆ. ಆದರೂ ಎರಡಕ್ಕೂ ನಂಟಿದೆ. ಅರ್ಧ ಹುಬ್ಬಿನಲ್ಲಿ ನಿಲ್ಲಿಸಿ ಕೇಳೋದು, ಮಳೆ ಬಿದ್ದಾಗ ಚೀಲ ಹಿಡಿದಿಟ್ಟು ಕೊಡೋದು, ಎರಡೂ ನಾವು ಎದ್ದು ಹೋಗಲಾಗದ ಹೊತ್ತು ನೋಡಿಯೇ ನಡೆಯುತ್ತವೆ. ಚಿಕ್ಕಪೇಟೆಯಲ್ಲಿ ಅಮ್ಮನಿಗೆ ಮೆಟ್ಟಿಲು ಇಳಿಯುವ ದಾರಿ ಇತ್ತು. ಆ ದಾರಿ ಮುಚ್ಚಿ ಮಾರುವವರ ಮೇಲೆ ನನ್ನ ಸಿಟ್ಟು.

ಫೋನಿನೊಳಗಿನ ಅಂಗಡಿಗಳ ಬಗ್ಗೆ ಒಂದು ಕುತೂಹಲದ ವಿಷಯ ಇದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ವ್ಯಾಪಾರದ 13 ಬಗೆಯ ಕುತಂತ್ರಗಳನ್ನ ಪಟ್ಟಿ ಮಾಡಿ ನಿಷೇಧಿಸಿತು. "ಇನ್ನು ಎರಡೇ ಉಳಿದಿವೆ" ಅಂತ ಸುಳ್ಳು ಅವಸರ ಹುಟ್ಟಿಸೋದು, ನಾವು ಹಾಕದ್ದನ್ನ ಬುಟ್ಟಿಗೆ ಸೇರಿಸೋದು, ಬೇಡ ಅಂದರೂ ಮತ್ತೆ ಮತ್ತೆ ಪೀಡಿಸೋದು ಎಲ್ಲ ಅದರಲ್ಲಿದೆ. ಬೇಡ ಅನ್ನುವವರಿಗೆ ನಾಚಿಕೆ ಆಗುವಂತೆ ಮಾಡೋದೂ ಇದೆ. ಅದಕ್ಕೆ ಅವರೇ ಕೊಟ್ಟ ಉದಾಹರಣೆ ವಿಮಾನದ ಟಿಕೆಟ್‌ನದು. ವಿಮೆ ಬೇಡ ಅಂತ ಒತ್ತಬೇಕಾದರೆ "ನಾನು ರಕ್ಷಣೆ ಇಲ್ಲದೇ ಇರುತ್ತೇನೆ" ಅನ್ನುವಂಥ ಸಾಲನ್ನ ಒತ್ತಬೇಕು! ಓದಿ ನಗು ಬಂತು. ಕನ್ನಡಕದ ಅಂಗಡಿಯಲ್ಲಿ ನನಗಾದದ್ದೂ ಅದೇ ಅಲ್ವಾ? ಪರದೆ ಮೇಲೆ ಮಾಡಿದರೆ ಅದಕ್ಕೊಂದು ಹೆಸರು, ಒಂದು ನಂಬರ್. ಎದುರಿಗೆ ನಿಂತು ಮಾಡಿದರೆ ಒಳ್ಳೇ ಸೇಲ್ಸ್‌ಮನ್.

ಹಾಗಂತ ಎದುರಿಗೆ ನಿಂತವರ ಮೇಲೆ ಹರಿಹಾಯೋಕೂ ನನಗೆ ಮನಸ್ಸು ಬರಲ್ಲ. ಪಾರ್ಲರ್‌ನಲ್ಲಿ ಒಂದು ದಿನ ಜನ ಇಲ್ಲದಾಗ ಆ ಹುಡುಗಿಯನ್ನೇ ಕೇಳಿದೆ, ಯಾಕಮ್ಮ ಹೀಗೆ ಪ್ರಾಣ ತಿಂತೀರ ಅಂತ. ಆಕೆ ರಿಸೆಪ್ಷನ್ ಕಡೆ ನೋಡಿಕೊಂಡು ಮೆಲ್ಲಗೆ ಹೇಳಿದಳು, "ಕೇಳಲಿಲ್ಲ ಅಂದ್ರೆ ಕ್ಯಾಮರಾದಲ್ಲಿ ನೋಡ್ತಾರೆ ಮೇಡಂ. ತಿಂಗಳಿಗೆ ಇಷ್ಟು ಫೇಶಿಯಲ್ ಅಂತ ಟಾರ್ಗೆಟ್. ಆಗಲಿಲ್ಲ ಅಂದ್ರೆ ಇನ್ಸೆಂಟಿವ್ ಇಲ್ಲ." ಬರೀ ಸಂಬಳದಲ್ಲಿ ಪಿಜಿ ಬಾಡಿಗೆ ಕಟ್ಟಿದರೆ ಮನೆಗೆ ಕಳಿಸೋಕೆ ಏನೂ ಉಳಿಯಲ್ಲವಂತೆ. ಅಷ್ಟು ಹೇಳಿದವಳು ಒಂದು ಗಳಿಗೆ ಬಿಟ್ಟು "ಹೇರ್ ಸ್ಪಾ ಮಾಡ್ಲಾ?" ಅಂದಳು. ಇಬ್ಬರೂ ನಕ್ಕೆವು.

ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರುವ ಹೆಣ್ಣುಮಕ್ಕಳಿಗೆ ಕೂರುವ ಹಕ್ಕು ಸಿಗೋಕೂ ಹೋರಾಟ ಬೇಕಾಯಿತು. ಕಲ್ಲಿಕೋಟೆಯ ಹೆಂಗಸರು ವರ್ಷಗಟ್ಟಲೆ ದನಿ ಎತ್ತಿದ ಮೇಲೆ 2018ರಲ್ಲಿ ಕೇರಳ ಕಾನೂನು ಬದಲಾಯಿಸಿತು. 2021ರಲ್ಲಿ ತಮಿಳುನಾಡು ಅದನ್ನೇ ಮಾಡಿತು. ಕೂತರೆ ಗಿರಾಕಿಗೆ ಅಗೌರವ ಅಂತ ಅಂಗಡಿ ಮಾಲೀಕರು ನಂಬಿದ್ದರು. ಗಿರಾಕಿಯ ಬೆನ್ನ ಹಿಂದೆಯೇ ಅಂಟಿಕೊಂಡು ನಡೆಯೋದು ಮಾತ್ರ ಅವರಿಗೆ ಗೌರವ. ಬಟ್ಟೆ ಅಂಗಡಿಯಲ್ಲಿ ಒಬ್ಬಳು ಹುಡುಗಿ ನನ್ನ ಮೂರಡಿ ಹಿಂದೆ ಬರುತ್ತಿದ್ದರೆ ನಾನು ಕುರ್ತಾ ನೋಡ್ತೀನಾ, ಅವಳಿಂದ ತಪ್ಪಿಸಿಕೊಳ್ಳೋಕೆ ನೋಡ್ತೀನಾ?

ನಮ್ಮ ಬೀದಿ ಕೊನೆಯ ಶೆಟ್ಟರ ಅಂಗಡಿಯಲ್ಲೂ "ಮತ್ತೇನ್ ಕೊಡ್ಲಿ?" ಅಂತ ಕೇಳ್ತಾರೆ. ಆದರೆ "ಈ ಸಲದ ತೊಗರಿಬೇಳೆ ಬೇಯಲ್ಲ, ಬೇಡ, ಮುಂದಿನ ವಾರ ತಗೊಳ್ಳಿ" ಅಂತ ಹೇಳೋರೂ ಅವರೇ. ಅವರನ್ನ ದೇವರು ಮಾಡೋಕೆ ಹೊರಟಿಲ್ಲ. ಚಿಲ್ಲರೆ ಬದಲು ಚಾಕಲೇಟ್ ಕೊಟ್ಟು ಕೊಟ್ಟೇ ನಮ್ಮನೆ ಮಕ್ಕಳ ಹಲ್ಲು ಕೆಡಿಸಿದವರು ಅವರು. ಯುಪಿಐ ಬಂದ ಮೇಲೆ ಆ ಒಂದು ಬಲವಂತದ ಮಾರಾಟ ನಿಂತಿದೆ.

ಇನ್ನು ಬ್ಯಾಂಕ್. ಇದನ್ನ ಕೊನೆಗೆ ಇಟ್ಟುಕೊಂಡಿದ್ದೆ, ಯಾಕಂದರೆ ಇಲ್ಲಿ ಸೋತಿದ್ದು ನಮ್ಮಪ್ಪ.

ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ಅವರ ಒಂದು ಎಫ್‌ಡಿ ಮುಗಿದಿತ್ತು. ರಿನ್ಯೂ ಮಾಡಿಸಿಕೊಂಡು ಬರ್ತೀನಿ ಅಂತ ಊರಿನ ಬ್ರಾಂಚಿಗೆ ಹೋದರು. ಒಳಗೆ ಹೋಗುತ್ತಿದ್ದ ಹಾಗೇ ಒಬ್ಬಳು ಹುಡುಗಿ ಎದ್ದು ಬಂದು ಕಾಲಿಗೆ ನಮಸ್ಕಾರ ಮಾಡಿದಳಂತೆ. "ಸರ್, ನಾನು ನಿಮ್ಮ ಸ್ಟೂಡೆಂಟ್." ಅಪ್ಪ ಅಲ್ಲೇ ಕರಗಿ ನೀರಾದರು. ಕೂರಿಸಿ, ಟೀ ತರಿಸಿ, ಹಳೇ ಕಥೆಯೆಲ್ಲ ಆದಮೇಲೆ ಎಫ್‌ಡಿಗಿಂತ ಒಳ್ಳೇದು ಒಂದಿದೆ ಅಂದಳಂತೆ. ಮೊಮ್ಮಗನ ಹೆಸರಲ್ಲಿ. ಅಪ್ಪ "ನನಗೆ ವಯಸ್ಸಾಯ್ತಮ್ಮ" ಅಂದರು. "ಅದಕ್ಕೇ ಮೊಮ್ಮಗನ ಹೆಸರಲ್ಲಿ ಸರ್." "ಮಗಳನ್ನ ಕೇಳ್ತೀನಿ" ಅಂದರು. "ಅಕ್ಕನಿಗೆ ಸರ್ಪ್ರೈಸ್ ಆಗುತ್ತೆ ಸರ್." "ಬಡ್ಡಿ ಬೇಕಿತ್ತು" ಅಂದರು. "ಎಫ್‌ಡಿಗಿಂತ ಜಾಸ್ತಿ ಬರುತ್ತೆ ಸರ್." ಪ್ರತಿ ಕಾರಣಕ್ಕೂ ಒಂದು ಉತ್ತರ. ಸಾಯಂಕಾಲ ಇನ್ಷೂರೆನ್ಸ್ ಕಂಪನಿಯಿಂದ ಒಂದು ಫೋನ್ ಬರುತ್ತೆ, ಎಲ್ಲದಕ್ಕೂ ಹೌದು ಅನ್ನಿ ಅಂತಲೂ ಹೇಳಿಕೊಟ್ಟಿದ್ದಳು. ಮೇಷ್ಟ್ರು ಶಿಷ್ಯೆ ಹೇಳಿಕೊಟ್ಟ ಹಾಗೇ ಉತ್ತರ ಹೇಳಿದರು.

ಪಾಲಿಸಿ ಬಾಂಡ್ ಮನೆಗೆ ಬಂದಾಗ ನಾನು ಊರಲ್ಲಿದ್ದೆ. ಓದಿದೆ. ಒಂದೇ ಸಲ ಕಟ್ಟೋದು ಅಂತ ಅಪ್ಪ ಅಂದುಕೊಂಡಿದ್ದ ಲಕ್ಷ ರೂಪಾಯಿಯನ್ನ ಐದು ವರ್ಷ, ವರ್ಷ ವರ್ಷವೂ ಕಟ್ಟಬೇಕಿತ್ತು. ಅಪ್ಪನ ಪೆನ್ಷನ್ನಿನಲ್ಲಿ ಅದು ಆಗದ ಮಾತು. ಹೇಳಿದರೆ ಅಪ್ಪ ನಂಬಲಿಲ್ಲ. "ನನ್ನ ಶಿಷ್ಯೆ ಕಣೇ ಅವಳು. ಇಂಗ್ಲಿಷ್‌ನಲ್ಲಿ ಎಷ್ಟು ಚೆನ್ನಾಗಿ ಮಾರ್ಕ್ಸ್ ತಗೋತಿದ್ಲು ಗೊತ್ತಾ?"

ಇದು ನಮ್ಮೊಬ್ಬರ ಮನೆ ಕಥೆ ಅಲ್ಲ. ಬ್ಯಾಂಕುಗಳು ಹೀಗೆ ವಿಮೆ ದಾಟಿಸುವ ಬಗ್ಗೆ 2024ರ ನವೆಂಬರ್‌ನಲ್ಲಿ ಮುಂಬೈನ ಒಂದು ಬ್ಯಾಂಕಿಂಗ್ ಸಮಾವೇಶದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಮಾತಾಡಿದ್ದರು. ಲಾಕರ್ ಕೇಳಿದವರಿಗೆ "ಒಂದು ಪಾಲಿಸಿ ಮಾಡಿಸಿ, ನೋಡೋಣ" ಅನ್ನುವ ಬ್ರಾಂಚುಗಳೂ ಇವೆ. ರಿಸರ್ವ್ ಬ್ಯಾಂಕಿನ ನಿಯಮ ಮಾತ್ರ ಸ್ಪಷ್ಟ ಇದೆ. ಮೂರು ವರ್ಷದ ಬಾಡಿಗೆ, ಜೊತೆಗೆ ಲಾಕರ್ ಒಡೆಯಬೇಕಾಗಿ ಬಂದರೆ ಅದರ ಖರ್ಚು, ಇಷ್ಟಕ್ಕೆ ಸರಿಹೋಗುವ ಡೆಪಾಸಿಟ್ ಕೇಳಬಹುದು. ಖಾಲಿ ಲಾಕರ್ ಇಲ್ಲದಿದ್ದರೆ ವೇಟಿಂಗ್ ಲಿಸ್ಟಿಗೆ ಹಾಕಿ ನಂಬರ್ ಕೊಡಬೇಕು. 2022ರ ಜನವರಿಯಿಂದ ಇದು ಜಾರಿಯಲ್ಲಿದೆ. ಪಾಲಿಸಿಯ ಮಾತು ಅದರಲ್ಲಿ ಎಲ್ಲೂ ಇಲ್ಲ.

ನಮ್ಮ ಅದೃಷ್ಟಕ್ಕೆ ಬಾಂಡ್ ಕೈಗೆ ಬಂದು ಆಗಿನ್ನೂ ವಾರ ಆಗಿತ್ತು. ಪಾಲಿಸಿ ಕಾಗದ ಕೈಸೇರಿದ ದಿನದಿಂದ 30 ದಿನದೊಳಗೆ ಬೇಡ ಅಂತ ವಾಪಸ್ ಮಾಡಬಹುದು. ಇದಕ್ಕೆ ಫ್ರೀ ಲುಕ್ ಅಂತಾರೆ. ಮುಂಚೆ ಸಾಮಾನ್ಯವಾಗಿ 15 ದಿನ ಇತ್ತು, 2024ರಿಂದ 30 ಆಗಿದೆ. ಸ್ಟಾಂಪ್ ಖರ್ಚು, ಮೆಡಿಕಲ್ ಪರೀಕ್ಷೆ ಆಗಿದ್ದರೆ ಅದರ ಖರ್ಚು, ಅಷ್ಟು ದಿನದ ವಿಮೆಯ ಬಾಬ್ತು ಇಷ್ಟು ಹಿಡಿದುಕೊಂಡು ಉಳಿದದ್ದು ಕೊಡಬೇಕು. ಬ್ರಾಂಚಿಗೆ ಹೋದೆ. ಶಿಷ್ಯೆ ಸೀಟಿನಲ್ಲೇ ಇದ್ದಳು. ನನ್ನನ್ನ ನೋಡಿ ಮುಖ ಸಣ್ಣದಾಯಿತು. "ಕ್ವಾರ್ಟರ್ ಎಂಡ್ ಅಕ್ಕ, ನನ್ನ ಮೇಲೂ ತುಂಬಾ ಪ್ರೆಷರ್ ಇತ್ತು" ಅಂದಳು. ಜಗಳ ಆಡೋಣ ಅಂತಲೇ ಹೋಗಿದ್ದೆ, ಆಗಲಿಲ್ಲ. ಅವಳೇ ಫಾರಂ ತಂದುಕೊಟ್ಟಳು. ಆ ಫಾರಂನಲ್ಲೂ "ಕಾರಣ" ಅಂತ ಒಂದು ಕಾಲಂ! "ಷರತ್ತುಗಳು ಒಪ್ಪಿಗೆ ಇಲ್ಲ" ಅಂತ ಬರೆದು, ಅರ್ಜಿ ತಲುಪಿದ್ದಕ್ಕೆ ಸೀಲ್ ಹಾಕಿಸಿಕೊಂಡು ಬಂದೆ. ಕಾಗದಕ್ಕೆ ಸೀಲ್ ಬೀಳದೆ ಬ್ಯಾಂಕಿನಿಂದ ಹೊರಗೆ ಕಾಲಿಡಬೇಡಿ, 30 ದಿನದೊಳಗೇ ಕೊಟ್ಟಿದ್ದೀವಿ ಅನ್ನೋದಕ್ಕೆ ಅದೇ ಸಾಕ್ಷಿ. ದುಡ್ಡು ಬಂತು. ಬರದಿದ್ದರೆ 1915ಕ್ಕೆ, ಅದು ಗ್ರಾಹಕರ ಸಹಾಯವಾಣಿ, ಫೋನ್ ಮಾಡೋಣ ಅಂದುಕೊಂಡಿದ್ದೆ. ಅಲ್ಲಿಯವರೆಗೆ ಹೋಗಲಿಲ್ಲ.

ಅಪ್ಪನಿಗೆ ಒಂದೇ ಒಂದು ಮಾತು ಹೇಳಿಕೊಟ್ಟೆ. ಬ್ಯಾಂಕಿನಲ್ಲಿ ಯಾರು ಏನೇ ತೋರಿಸಲಿ, ವಯಸ್ಸು, ಬಡ್ಡಿ, ಪೆನ್ಷನ್ ಯಾವ ಕಾರಣವೂ ಬೇಡ. "ಬೇಡಮ್ಮ" ಅಂದು ಎದ್ದುಬಿಡಿ. ಅಪ್ಪ ಒಪ್ಪಲಿಲ್ಲ. ಹಾಗೆ ಮುಖಕ್ಕೆ ಹೊಡೆದ ಹಾಗೆ ಹೇಳೋಕೆ ಅವರಿಂದ ಆಗಲ್ಲವಂತೆ. ಅವರೇ ಒಂದು ಉಪಾಯ ಕಂಡುಕೊಂಡಿದ್ದಾರೆ. ಅದು ಏನು ಅಂತ ನನಗೆ ಗೊತ್ತಾಗಿದ್ದು ಹೋದ ತಿಂಗಳು, ಆಫೀಸಿನಲ್ಲಿ ಮೀಟಿಂಗ್ ನಡುವೆ ಒಂದು ಫೋನ್ ಬಂದಾಗ. "ನಮಸ್ತೆ ಮೇಡಂ, ನಿಮ್ಮ ತಂದೆಯವರು ನಿಮ್ಮ ನಂಬರ್ ಕೊಟ್ರು. ನಿಮಗೇ ಇಂಟರೆಸ್ಟ್ ಇದೆ ಅಂದ್ರು. ಒಂದು ಐದು ನಿಮಿಷ ಫ್ರೀ ಇದ್ದೀರಾ?"